ಕಾಂಡಕ್ಕೆ ಬಳಿದ ವಿಷ, ಕೊರಳಿನಲ್ಲಿ ಎದ್ದ ಗಂಟು

ಮಲೆನಾಡಿನ ಆಡುಮಾತಿನಲ್ಲಿ ‘ಮದ್ದು’ ಎಂಬ ಪದಕ್ಕೆ ಮೂರು ಅರ್ಥಗಳಿವೆ. ಕಾಯಿಲೆಯನ್ನು ಗುಣಪಡಿಸುವುದು ಮದ್ದು. ಕೋವಿಗೆ ತುಂಬಿ ಪ್ರಾಣ ತೆಗೆಯುವುದೂ ಮದ್ದು. ಆಗದವರು ಅನ್ನದಲ್ಲಿ ಬೆರೆಸಿ ಉಣ್ಣಿಸಿದರೆ ಉಂಡವನು ವರ್ಷಗಟ್ಟಲೆ ಸೊರಗಿ ಸಾಯುತ್ತಾನೆಂದು ಹಿರಿಯರು ಹೆದರುತ್ತಿದ್ದುದೂ ಮದ್ದಿಗೇ. ‘ನಾಳೆ ತೋಟಕ್ಕೆ ಮದ್ದು ಹೊಡೆಯಬೇಕು’ ಎಂದು ಮೇಸ್ತ್ರಿ ಹೇಳಿದಾಗ ಕೇಳುವವರ ಮನಸ್ಸಿಗೆ ಬರುವುದು ಮೊದಲನೆಯ ಅರ್ಥ. ಡಬ್ಬಿಯ ಮೇಲಿನ ಚೀಟಿ ಎಚ್ಚರಿಸುವುದು ಎರಡನೆಯ ಅರ್ಥದ ಬಗ್ಗೆ ಮಾತ್ರ. ಮೂರನೆಯ ಅರ್ಥದ ಬಗ್ಗೆ, ಅಂದರೆ ಇಂದು ಮೈಗೆ ಸೇರಿ ಹತ್ತು ಇಪ್ಪತ್ತು ವರ್ಷಗಳ ಮೇಲೆ ರೋಗವಾಗಿ ಏಳುವ ವಿಷದ ಬಗ್ಗೆ, ಮಾರುವವರೂ ಮಾತನಾಡುವುದಿಲ್ಲ, ಹೊಡೆಸುವವರೂ ಮಾತನಾಡುವುದಿಲ್ಲ. ಸರ್ಕಾರವಂತೂ ಲೆಕ್ಕವನ್ನೇ ಇಟ್ಟಿಲ್ಲ.

ಈ ಮೌನದ ಫಲವನ್ನು ಉಣ್ಣಬೇಕಾದವರು ಕಾಫಿ ಸೀಮೆಯ ಕೂಲಿಕಾರರು. ಅವರ ಕಥೆ ಒಂದು ಹುಳುವಿನಿಂದ ಆರಂಭವಾಗುತ್ತದೆ.

ಹುಳು ಮತ್ತು ಅದರ ಮದ್ದು

ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕದಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಬೆಳೆಗಾರರ ಬಾಯಲ್ಲಿ ಇದು ಬರಿಯ ‘ಬೋರರ್’. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಇದರ ದುಂಬಿಗಳು ಹೊರಬಂದು ಹಾರಾಡುತ್ತವೆ. ಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ. ಮರಿಹುಳು ಕಾಂಡದೊಳಕ್ಕೆ ಸುರಂಗ ಕೊರೆಯುತ್ತದೆ. ಎಲೆ ಹಳದಿಯಾಗಿ, ಗಿಡ ಬಾಡಿ, ಕೊನೆಗೆ ಕಿತ್ತು ಸುಡುವುದೊಂದೇ ಉಳಿಯುತ್ತದೆ. ಹತ್ತಾರು ವರ್ಷ ಸಾಕಿದ ಗಿಡವನ್ನು ಕಳೆದುಕೊಳ್ಳುವ ಬೆಳೆಗಾರನ ಸಂಕಟವನ್ನು ಯಾರೂ ಹಗುರವಾಗಿ ಕಾಣಬಾರದು.

ಆ ಸಂಕಟಕ್ಕೆ ಪರಿಹಾರವೆಂದು ದಶಕಗಳ ಕಾಲ ಬಳಕೆಯಲ್ಲಿದ್ದುದು ಬಿ.ಎಚ್.ಸಿ., ಅನಂತರ ಅದರದೇ ಶುದ್ಧ ರೂಪವಾದ ಲಿಂಡೇನ್. ದುಂಬಿ ಹಾರುವ ಕಾಲಕ್ಕೆ ಸರಿಯಾಗಿ ಮುಖ್ಯ ಕಾಂಡವನ್ನೂ ದಪ್ಪ ರೆಂಬೆಗಳನ್ನೂ ಈ ದ್ರಾವಣದಿಂದ ತೋಯಿಸಬೇಕೆಂಬುದು ಕಾಫಿ ಮಂಡಳಿಯ ಶಿಫಾರಸೇ ಆಗಿತ್ತು. ಕಾಗದದ ಮೇಲೆ ಇದು ಒಂದು ಸಾಲಿನ ಸೂಚನೆ. ತೋಟದಲ್ಲಿ ಅದರ ಅರ್ಥ ಬೇರೆ. ಅರೇಬಿಕಾ ಗಿಡ ಗಿಡ್ಡ. ಅದರ ಕಾಂಡಕ್ಕೆ ಮದ್ದು ಮುಟ್ಟಿಸಬೇಕಾದರೆ ಮನುಷ್ಯ ಬಾಗಿ, ರೆಕ್ಕೆಗಳ ಕೆಳಗೆ ತಲೆ ತೂರಿಸಬೇಕು. ಸಿಡಿದ ಹನಿ ಕಾಂಡದಿಂದ ಹಿಂದಿರುಗಿ ಬರುವುದು ಕೈಗೆ, ಎದೆಗೆ, ಮುಖಕ್ಕೆ. ಬೆಳಿಗ್ಗೆ ಗಾಢ ದ್ರವವನ್ನು ಅಳೆದು ನೀರಿಗೆ ಬೆರೆಸುವ ಕೈಯೂ ಅದೇ, ಮಧ್ಯಾಹ್ನ ಬುತ್ತಿಯನ್ನು ಬಿಚ್ಚುವ ಕೈಯೂ ಅದೇ. ಸಂಜೆ ಒದ್ದೆ ಅಂಗಿಯನ್ನು ಲೈನ್ ಮನೆಯ ಕಲ್ಲಿನ ಮೇಲೆ ಒಗೆಯುವವಳು ಹೆಂಡತಿ. ಅವಳಿಗೆ ಆ ಕೆಲಸಕ್ಕೆ ಕೂಲಿಯೂ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ.

ಭಾರತದಲ್ಲಿ ಬಿ.ಎಚ್.ಸಿ. ನಿಷೇಧವಾದದ್ದು 1997ರ ಏಪ್ರಿಲ್‌ನಲ್ಲಿ. ಲಿಂಡೇನ್ ಮಾತ್ರ ಉಳಿಯಿತು. ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು 2009ರಲ್ಲಿ ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದ ಮೇಲೆ, 2011ರ ಮಾರ್ಚ್‌ನಿಂದ ಅದರ ತಯಾರಿಕೆಯನ್ನೂ 2013ರ ಮಾರ್ಚ್‌ನಿಂದ ಬಳಕೆಯನ್ನೂ ಭಾರತ ನಿಷೇಧಿಸಿತು. ಇಷ್ಟಕ್ಕೆ ಕಡತ ಮುಚ್ಚಿತು. ಆದರೆ ಎರಡು ವರ್ಷಗಳ ಬಳಿಕ, 2015ರ ಜೂನ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಲಿಂಡೇನ್ ‘ಮಾನವರಲ್ಲಿ ಕ್ಯಾನ್ಸರ್‌ಕಾರಕ’ ಎಂದು ಘೋಷಿಸಿ ಮೊದಲನೆಯ ಗುಂಪಿನಲ್ಲಿಟ್ಟಿತು. ಅದು ಹೆಸರಿಸಿದ ರೋಗ ನಾನ್-ಹಾಡ್ಜ್‌ಕಿನ್ ಲಿಂಫೋಮಾ. ಅಮೆರಿಕ ಮತ್ತು ಕೆನಡಾಗಳ ಕೃಷಿಕರ ನಡುವೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಲಿಂಡೇನ್ ಸೋಂಕಿದವರಿಗೆ ಈ ರೋಗದ ಸಂಭವ ಶೇಕಡಾ 60ರಷ್ಟು ಹೆಚ್ಚಾಗಿದ್ದುದು ಕಂಡಿತ್ತು.

ಆ ತೀರ್ಪು ಬಂದ ದಿನ ಕೊಡಗಿನ, ಚಿಕ್ಕಮಗಳೂರಿನ, ಸಕಲೇಶಪುರದ ಲೈನ್ ಮನೆಗಳಿಗೆ ಯಾರಾದರೂ ಹೋಗಿ, ‘ನೀವು ಬಳಿದದ್ದು ಇಂಥದ್ದು, ಇಂಥ ಲಕ್ಷಣ ಕಂಡರೆ ಆಸ್ಪತ್ರೆಗೆ ಬನ್ನಿ’ ಎಂದು ಹೇಳುವ ವ್ಯವಸ್ಥೆ ಇತ್ತೇ? ಶಿಫಾರಸು ತೋಟ ತೋಟಕ್ಕೂ ತಲುಪಿತ್ತು. ಎಚ್ಚರಿಕೆಗೆ ಮಾತ್ರ ದಾರಿ ಇರಲಿಲ್ಲ.

ಇದು ಎಂಥ ರೋಗ?

ಮನುಷ್ಯನ ಮೈಯಲ್ಲಿ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳಿವೆ. ಅವುಗಳ ದಾರಿಯಲ್ಲಿ, ಕೊರಳು, ಕಂಕುಳು, ತೊಡೆಸಂದುಗಳಲ್ಲಿ, ಹುರುಳಿಕಾಳಿನಿಂದ ಅವರೆಕಾಳಿನ ಗಾತ್ರದ ಗ್ರಂಥಿಗಳಿವೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕಾವಲುಮನೆಗಳು ಇವು. ಆ ಕಾವಲುಗಾರ ಕಣಗಳೇ ಹದ ತಪ್ಪಿ ಅಂಕೆಯಿಲ್ಲದೆ ಬೆಳೆಯತೊಡಗಿದರೆ ಅದು ಲಿಂಫೋಮಾ. ಇಂಗ್ಲೆಂಡಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ವಿವರಿಸಿದ ಬಗೆಗೆ ಅವನ ಹೆಸರೇ ನಿಂತಿತು; ಉಳಿದ ಹತ್ತಾರು ಬಗೆಗಳನ್ನು ಒಟ್ಟಾಗಿ ನಾನ್-ಹಾಡ್ಜ್‌ಕಿನ್ ಎನ್ನುತ್ತಾರೆ.

ದೇಹದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ರೋಗ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಬಹುಕಾಲದಿಂದ ತಿಳಿದಿದೆ. ಎಚ್.ಐ.ವಿ. ಸೋಂಕಿತರಲ್ಲಿ, ಬದಲಿ ಮೂತ್ರಪಿಂಡ ಪಡೆದು ನಿರೋಧಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಲಿಂಡೇನ್ ಕೂಡ ನಿರೋಧಶಕ್ತಿಯನ್ನು ಕುಂದಿಸುತ್ತದೆ ಎಂಬುದಕ್ಕೆ ಬಲವಾದ ಸಾಕ್ಷ್ಯವಿದೆ ಎಂದು ಅದೇ ಸಂಸ್ಥೆ ಹೇಳಿತು. ಗ್ಲೈಫೋಸೇಟ್, ಮಾಲಾಥಿಯಾನ್‌ಗಳ ವಿಷಯದಲ್ಲಿ ಅದು ಗುರುತಿಸಿದ್ದು ಇನ್ನೊಂದು ದಾರಿ: ಜೀವಕೋಶದ ವಂಶವಾಹಿ ತಂತುಗಳಿಗೆ ಆಗುವ ಹಾನಿ. ಹಾನಿ ಒಂದು ದಿನದ್ದು, ರೋಗ ಹಲವು ವರ್ಷಗಳ ಮೇಲಿನದು. ಈ ಅಂತರವೇ ಅಪರಾಧಿಗೆ ಆಶ್ರಯ.

ರೋಗದ ಲಕ್ಷಣಗಳು ಮೋಸಗಾರವಾದವು. ನೋವಿಲ್ಲದ ಗಂಟು, ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ತೂಕದ ಇಳಿಕೆ. ಹಳಬರು ಕೊರಳಿನ ಗಂಟನ್ನು ‘ಗಂಡಮಾಲೆ’ ಎಂದು ಕರೆದು ಸೊಪ್ಪು ಅರೆದು ಹಚ್ಚುತ್ತಿದ್ದರು. ಇಂದಿನ ಆಸ್ಪತ್ರೆಗಳಲ್ಲಿ ಮೊದಲು ಬರುವ ಅನುಮಾನ ಕ್ಷಯ. ನಮ್ಮ ದೇಶದಲ್ಲಿ ಕ್ಷಯವೇ ಹೆಚ್ಚಾಗಿರುವುದರಿಂದ ಅದು ಸಹಜವೂ ಹೌದು. ಆದರೆ ಗಂಟಿನ ತುಣುಕನ್ನು ತೆಗೆದು ಪರೀಕ್ಷಿಸದೆಯೇ ತಿಂಗಳುಗಟ್ಟಲೆ ಕ್ಷಯದ ಗುಳಿಗೆ ನುಂಗಿಸಿದರೆ, ಬೇಗ ಹಿಡಿದಿದ್ದರೆ ಚಿಕಿತ್ಸೆಗೆ ಬಗ್ಗಬಹುದಾಗಿದ್ದ ರೋಗವು ಕೈಮೀರುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಬಾಗಿಲಿಗೆ ಕೂಲಿಕಾರನು ತಲುಪುವ ಹೊತ್ತಿಗೆ ಅವನ ಹಣವೂ ಮುಗಿದಿರುತ್ತದೆ, ಕಾಲವೂ ಮುಗಿದಿರುತ್ತದೆ. ಅಲ್ಲಿ ಕೂಡ ಉದ್ಯೋಗದ ಮುಂದೆ ‘ಕೂಲಿ’ ಎಂಬ ಎರಡಕ್ಷರ ಬಿದ್ದರೆ ಮುಗಿಯಿತು. ಯಾವ ಕೂಲಿ, ಎಷ್ಟು ವರ್ಷ, ಯಾವ ಮದ್ದು ಎಂಬ ಪ್ರಶ್ನೆಗಳು ಆ ಎರಡಕ್ಷರದೊಳಗೆ ಹೂತುಹೋಗುತ್ತವೆ.

ಹೊಲದಿಂದ ಬಂದ ಸಾಕ್ಷ್ಯ

ಕೆಲಸದ ಜಾಗದ ರಾಸಾಯನಿಕಕ್ಕೂ ಈ ರೋಗಕ್ಕೂ ನಂಟಿದೆ ಎಂಬುದು ಪರಿಸರವಾದಿಗಳು ನಿನ್ನೆ ಕಟ್ಟಿದ ಮಾತಲ್ಲ. ಸ್ವೀಡನ್ ದೇಶದ ವೈದ್ಯ ಲೆನ್ನಾರ್ಟ್ ಹಾರ್ಡೆಲ್, ಕಾಡಿನ ಕೆಲಸದಲ್ಲಿ ಕಳೆನಾಶಕ ಸಿಂಪಡಿಸಿದ್ದ ರೋಗಿಗಳನ್ನು ಕಂಡು 1970ರ ದಶಕದಲ್ಲೇ ಎಚ್ಚರಿಸಿದರು. ಫಿನಾಕ್ಸಿ ಜಾತಿಯ ಕಳೆನಾಶಕ, ಕ್ಲೋರೋಫಿನಾಲ್, ಸಾವಯವ ದ್ರಾವಕಗಳಿಗೂ ಲಿಂಫೋಮಾಕ್ಕೂ ಇರುವ ನಂಟನ್ನು ಅವರ ತಂಡ 1981ರಲ್ಲಿ ಪ್ರಕಟಿಸಿತು. 1986ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಅಧ್ಯಯನವು, ವರ್ಷದಲ್ಲಿ 20 ದಿನಗಳಿಗಿಂತ ಹೆಚ್ಚು ಕಾಲ ಕಳೆನಾಶಕದೊಂದಿಗೆ ಕೆಲಸ ಮಾಡಿದ ರೈತರಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮಾದ ಸಂಭವ ಆರು ಪಟ್ಟು ಎಂದು ತೋರಿಸಿತು. ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು 2,4-ಡಿ. ಆ ಹೆಸರು ಮಲೆನಾಡಿನ ಅಂಗಡಿಗಳಿಗೂ ಹೊಸದಲ್ಲ.

ಅಂತರರಾಷ್ಟ್ರೀಯ ಸಂಸ್ಥೆ 2015ರ ಮಾರ್ಚ್‌ನಲ್ಲಿ ಗ್ಲೈಫೋಸೇಟ್, ಮಾಲಾಥಿಯಾನ್, ಡಯಾಜಿನಾನ್ ಮೂರನ್ನೂ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಮೂರರಲ್ಲೂ ಮನುಷ್ಯರಿಂದ ದೊರೆತ ಸೀಮಿತ ಸಾಕ್ಷ್ಯ ಬೆರಳು ತೋರಿದ್ದು ಇದೇ ಲಿಂಫೋಮಾದತ್ತ. ಮರಮುಟ್ಟು ಕೆಡದಂತೆ ಬಳಿಯುತ್ತಿದ್ದ ಪೆಂಟಾಕ್ಲೋರೋಫಿನಾಲ್ 2016ರಲ್ಲಿ ಲಿಂಡೇನ್ ಕುಳಿತ ಮೊದಲ ಗುಂಪಿಗೇ ಸೇರಿತು. ಪೆಟ್ರೋಲಿನಲ್ಲಿಯೂ ಹಲವು ದ್ರಾವಕಗಳಲ್ಲಿಯೂ ಇರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣ ಎಂಬುದು ಇತ್ಯರ್ಥವಾದ ಸಂಗತಿ; ಲಿಂಫೋಮಾದ ಜೊತೆಗೂ ಅದರ ನಂಟು ಕಂಡಿದೆ ಎಂದು 2018ರ ಮರುಪರಿಶೀಲನೆ ಹೇಳಿತು. ಘಟ್ಟದ ಹಳ್ಳಿಗಳಿಂದ ಬೆಂಗಳೂರಿನ ಪೆಟ್ರೋಲ್ ಬಂಕಿಗೆ, ಬಣ್ಣದ ಕೆಲಸಕ್ಕೆ, ಗ್ಯಾರೇಜಿಗೆ ಹೋಗುವ ಹುಡುಗರು ತೋಟವನ್ನು ಬಿಟ್ಟು ಹೋಗುತ್ತಾರೆಯೇ ಹೊರತು ವಿಷವನ್ನು ಬಿಟ್ಟು ಹೋಗುವುದಿಲ್ಲ.

ಮಾಲಾಥಿಯಾನ್ ಪುಡಿಯನ್ನು ಮಲೆನಾಡು ಇನ್ನೊಂದು ಕಾರಣಕ್ಕೂ ಬಲ್ಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಉಣುಗುಗಳನ್ನು ಕೊಲ್ಲಲು, ಮಂಗ ಸತ್ತ ಜಾಗದ ಸುತ್ತ 50 ಅಡಿಯವರೆಗೆ ಇದನ್ನು ಎರಚುವುದು ರೂಢಿ. ಕಾಯಿಲೆಯನ್ನು ತಡೆಯುವ ಈ ಕೆಲಸ ಬೇಡವೆನ್ನುವುದು ಅವಿವೇಕ. ಆದರೆ ಜನರ ಪ್ರಾಣ ಉಳಿಸಲು ಪುಡಿ ಎರಚುವವನ ಮೂಗಿಗೆ ಮುಖಗವಸು, ಕೈಗೆ ಗವಸು ಕೊಡದಿರುವುದು ಅದಕ್ಕಿಂತ ದೊಡ್ಡ ಅವಿವೇಕ.

ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುತ್ತಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 54,000ಕ್ಕೂ ಹೆಚ್ಚು ಸಿಂಪಡಣೆಗಾರರನ್ನು ಹಿಂಬಾಲಿಸಿದ ಅಮೆರಿಕದ ಕೃಷಿ ಆರೋಗ್ಯ ಅಧ್ಯಯನವು 2018ರಲ್ಲಿ ಗ್ಲೈಫೋಸೇಟಿಗೂ ಈ ರೋಗಕ್ಕೂ ಸ್ಪಷ್ಟ ನಂಟು ಕಾಣಲಿಲ್ಲ ಎಂದಿತು. ಮರುವರ್ಷ, ಆ ಅಧ್ಯಯನವನ್ನೂ ಒಳಗೊಂಡು ಹಲವನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಅತಿ ಹೆಚ್ಚು ಸೋಂಕಿಗೆ ಒಳಗಾದವರಲ್ಲಿ ಸಂಭವ ಶೇಕಡಾ 41ರಷ್ಟು ಹೆಚ್ಚು ಎಂದಿತು. ಯುರೋಪಿನ ಒಕ್ಕೂಟ 2023ರಲ್ಲಿ ಆ ಕಳೆನಾಶಕಕ್ಕೆ ಇನ್ನೂ 10 ವರ್ಷ ಪರವಾನಗಿ ಕೊಟ್ಟಿತು. ಲಿಂಡೇನಿನ ವಿಷಯದಲ್ಲಿ ಇಂಥ ತಕರಾರು ಉಳಿದಿಲ್ಲ. ಗ್ಲೈಫೋಸೇಟಿನ ವಿಷಯದಲ್ಲಿ ಉಳಿದಿದೆ. ಕೇಳಬೇಕಾದ ಪ್ರಶ್ನೆ ಇಷ್ಟೇ: ತಜ್ಞರ ತಕರಾರು ತೀರುವವರೆಗೆ ಅಪಾಯವನ್ನು ಯಾರ ಬೆನ್ನಿನ ಮೇಲೆ ಹೊರಿಸಿಡಬೇಕು?

ತಕರಾರನ್ನು ಬೆಳೆಸುವವರು

ತಕರಾರು ತಾನಾಗಿ ಬೆಳೆಯುವುದೂ ಉಂಟು, ನೀರೆರೆದು ಬೆಳೆಸುವುದೂ ಉಂಟು. ಕ್ಯಾಲಿಫೋರ್ನಿಯಾದ ಶಾಲಾ ಆವರಣಗಳಲ್ಲಿ ಗ್ಲೈಫೋಸೇಟ್ ಸಿಂಪಡಿಸುತ್ತಿದ್ದು ಲಿಂಫೋಮಾಕ್ಕೆ ತುತ್ತಾದ ನೌಕರನೊಬ್ಬನ ಮೊಕದ್ದಮೆಯಲ್ಲಿ 2018ರ ಆಗಸ್ಟ್‌ನಲ್ಲಿ ಪಂಚರು ಮಾನ್ಸಾಂಟೊ ಕಂಪನಿಯ ವಿರುದ್ಧ 28.9 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟರು. ಮೇಲಿನ ಹಂತಗಳಲ್ಲಿ ಅದು 2 ಕೋಟಿ ಚಿಲ್ಲರೆಗೆ ಇಳಿಯಿತು. ಹೊಣೆ ಮಾತ್ರ ಉಳಿಯಿತು. ಆ ಕಂಪನಿಯನ್ನು ಕೊಂಡ ಬೇಯರ್ 2020ರಲ್ಲಿ ಸಾವಿರಾರು ಇಂಥ ದಾವೆಗಳ ಇತ್ಯರ್ಥಕ್ಕೆ 1,000 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ಪ್ರಕಟಿಸಿತು, ತಪ್ಪನ್ನು ಒಪ್ಪಿಕೊಳ್ಳದೆಯೇ.

ಹಣಕ್ಕಿಂತ ಮುಖ್ಯವಾದದ್ದು, ನ್ಯಾಯಾಲಯದ ಮೂಲಕ 2017ರಲ್ಲಿ ಹೊರಬಿದ್ದ ಕಂಪನಿಯ ಒಳ ಕಾಗದಗಳು. ಗ್ಲೈಫೋಸೇಟ್ ನಿರಪಾಯಕಾರಿ ಎಂದು 2000ದಲ್ಲಿ ಪ್ರಕಟವಾಗಿ, ಜಗತ್ತಿನಾದ್ಯಂತ ಪ್ರಮಾಣವೆಂದು ಉಲ್ಲೇಖಿಸಲ್ಪಟ್ಟ ಪ್ರಬಂಧವೊಂದರ ಬರವಣಿಗೆಯಲ್ಲಿ ಕಂಪನಿಯ ನೌಕರರ ಕೈ ಇತ್ತೆಂಬ ಅನುಮಾನಕ್ಕೆ ಅವು ಆಧಾರ ಒದಗಿಸಿದವು. ಆ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2025ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇಪ್ಪತ್ತೈದು ವರ್ಷ ಅದು ಸಾಕ್ಷಿಕಟ್ಟೆಯಲ್ಲಿ ನಿಂತು ನುಡಿದಿತ್ತು. ಆ ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಬೆನ್ನುಗಳ ಮೇಲೆ ಪಂಪು ಸೋರಿತು ಎಂಬ ಲೆಕ್ಕವನ್ನು ಯಾವ ಪತ್ರಿಕೆ ಹಿಂತೆಗೆದುಕೊಳ್ಳಬಲ್ಲದು?

ಕಾನೂನು ಇದೆ, ಕಣ್ಣಿಲ್ಲ

1958ರಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಹಿನ್ನೆಲೆಯಲ್ಲಿ ರೂಪುಗೊಂಡದ್ದು 1968ರ ಕೀಟನಾಶಕ ಕಾಯಿದೆ. ಹುಟ್ಟಿದ ಗಳಿಗೆಯ ಗುಣ ಅದನ್ನು ಬಿಡಲಿಲ್ಲ: ಅದು ತಕ್ಷಣದ ಸಾವನ್ನು ಕಾಣಬಲ್ಲದು, ನಿಧಾನದ ಸಾವನ್ನು ಕಾಣಲಾರದು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ನೋಡಬೇಕು. ಇಲಿಯೇ ಮೊದಲಾದ ಪ್ರಾಣಿಗಳನ್ನು ಕೊಲ್ಲಲು ಎಷ್ಟು ವಿಷ ಬೇಕು ಎಂಬ ಅಳತೆಯಿಂದ ಆ ಬಣ್ಣಗಳು ನಿರ್ಧಾರವಾಗುತ್ತವೆ. ಇಪ್ಪತ್ತು ವರ್ಷ ಬಳಸಿದ ಮನುಷ್ಯನ ಕೊರಳಿನಲ್ಲಿ ಗಂಟು ಏಳುತ್ತದೆಯೇ ಎಂಬುದಕ್ಕೆ ಅಲ್ಲಿ ಬಣ್ಣವೇ ಇಲ್ಲ. ಆದರೂ ಅಂಗಡಿಯವನು ಹಸಿರು ತ್ರಿಕೋನ ತೋರಿಸಿ ‘ಇದು ಏನೂ ಮಾಡುವುದಿಲ್ಲ’ ಎನ್ನುತ್ತಾನೆ, ರೈತ ನಂಬುತ್ತಾನೆ. ಸಂಚಾರದ ದೀಪದ ಬಣ್ಣವನ್ನು ಸಾವಿನ ಡಬ್ಬಿಗೆ ಹಚ್ಚಿದವರು ಈ ತಪ್ಪು ತಿಳಿವಳಿಕೆಗೆ ಹೊಣೆಗಾರರಲ್ಲವೇ?

ಸಿಂಪಡಿಸುವವರಿಗೆ ಕೆಲಸಕ್ಕೆ ಮುನ್ನ ಮತ್ತು ನಿಯತಕಾಲಕ್ಕೆ ವೈದ್ಯ ತಪಾಸಣೆ ಆಗಬೇಕು, ರಕ್ಷಣಾ ಉಡುಪು ಕೊಡಬೇಕು ಎಂದು 1971ರ ನಿಯಮಗಳು ಹೇಳುತ್ತವೆ. ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ರಾಸಾಯನಿಕ ಮುಟ್ಟುವ ಕಾರ್ಮಿಕರಿಗೆ ತರಬೇತಿ, ಆರೋಗ್ಯ ದಾಖಲೆ, ಸ್ನಾನದ ವ್ಯವಸ್ಥೆಗಳನ್ನು ಮಾಲೀಕನ ಹೊಣೆಯಾಗಿಸಿತು. ಆ ಕಾಯಿದೆಯನ್ನು ನುಂಗಿಕೊಂಡ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಂಹಿತೆ ಬದಲಾಯಿತು, ತೋಟದ ಅಂಚಿನ ತೊರೆಯಲ್ಲಿ ಪಂಪು ತೊಳೆಯುವ ಪದ್ಧತಿ ಬದಲಾಗಲಿಲ್ಲ. ಅದಲ್ಲದೆ ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಚಿಕ್ಕವು. ಅಲ್ಲಿ ದಿನಗೂಲಿಗೆ ಬರುವವನಿಗೂ, ಸ್ವತಃ ಪಂಪು ಹೊರುವ ಸಣ್ಣ ಬೆಳೆಗಾರನಿಗೂ ‘ತೋಟ’ದ ಕಾನೂನಿನ ನೆರಳು ತಲುಪುವುದೇ ಇಲ್ಲ.

ಗ್ಲೈಫೋಸೇಟಿನ ಕಥೆಯೂ ಇದೇ. ಭಾರತದಲ್ಲಿ ಅದಕ್ಕೆ ಅನುಮತಿ ಇದ್ದುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ ಮಾತ್ರ. ಕಾಫಿಯಲ್ಲಿ, ಅಡಿಕೆಯಲ್ಲಿ ಕಳೆ ಕೆಂಪಗೆ ಸುಟ್ಟಂತೆ ಸತ್ತು ಬಿದ್ದಿರುವುದು ದಾರಿಹೋಕರಿಗೂ ಕಾಣುತ್ತದೆ. ತರಬೇತಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರಾರೂ ಅದನ್ನು ಬಳಸಕೂಡದೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರವು ಅಧಿಸೂಚನೆ ಹೊರಡಿಸಿತು. ಘಟ್ಟದ ಯಾವ ಹಳ್ಳಿಯಲ್ಲಿ ಅಂಥ ನಿರ್ವಾಹಕನ ಮುಖ ಕಂಡಿದೆ? ಪಾಲಿಸಲಾಗದ ನಿರ್ಬಂಧವನ್ನು ಬರೆಯುವುದು, ನಿಷೇಧಿಸುವ ಧೈರ್ಯವಿಲ್ಲದವರು ಕೈ ತೊಳೆದುಕೊಳ್ಳುವ ವಿಧಾನ. 2020ರಲ್ಲಿ 27 ಕೀಟನಾಶಕಗಳ ನಿಷೇಧದ ಕರಡು ಹೊರಟಾಗ ಅದರಲ್ಲಿ ಮಾಲಾಥಿಯಾನ್, 2,4-ಡಿಗಳ ಹೆಸರಿತ್ತು. 2023ರ ಅಂತಿಮ ಆದೇಶದಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಈ ಎರಡು ಅದರಲ್ಲಿರಲಿಲ್ಲ.

ಹೇಳಲಾಗುವ ಸಮಾಧಾನಗಳು

ಮೊದಲ ಸಮಾಧಾನ: ಲಿಂಡೇನ್ ಹೋಯಿತಲ್ಲ, ಸತ್ತ ಹಾವನ್ನು ಏಕೆ ಹೊಡೆಯಬೇಕು? ಹಾವು ಸತ್ತಿರಬಹುದು, ಕಚ್ಚಿಸಿಕೊಂಡವನು ಬದುಕಿದ್ದಾನೆ. 1990ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಕಾಂಡಕ್ಕೆ ಮದ್ದು ಬಳಿದವನಿಗೆ ಈಗ ಅರವತ್ತು ದಾಟಿದೆ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ವಯಸ್ಸಿನಲ್ಲಿ. ನಿಷೇಧವು ಮುಂದಿನವರನ್ನು ಕಾಯುತ್ತದೆ; ಹಿಂದಿನವರನ್ನು ಕಾಯಬೇಕಾದರೆ ಅವರನ್ನು ಹುಡುಕಬೇಕು.

ಎರಡನೆಯದು: ಹೇನಿಗೂ ಕಜ್ಜಿಗೂ ಡಾಕ್ಟರೇ ಲಿಂಡೇನ್ ಕೊಡುತ್ತಿದ್ದರು, ಅದರಿಂದ ಸತ್ತವರಾರು? ಒಂದೆರಡು ಬಾರಿ ಅಳೆದು ಹಚ್ಚಿದ ಔಷಧಕ್ಕೂ, ವರ್ಷಕ್ಕೆರಡು ಹಂಗಾಮಿನಂತೆ ಹತ್ತಾರು ವರ್ಷ ಮೈ ತೋಯಿಸಿದ ದ್ರಾವಣಕ್ಕೂ ವ್ಯತ್ಯಾಸವಿಲ್ಲವೇ? ವಿಷದ ಲೆಕ್ಕ ಹನಿಯ ಲೆಕ್ಕವಲ್ಲ, ಹನಿಗಳ ಮೊತ್ತದ ಲೆಕ್ಕ.

ಮೂರನೆಯದು ಹೆಚ್ಚು ಗಂಭೀರ: ಲಿಂಫೋಮಾಕ್ಕೆ ಹಲವು ಕಾರಣಗಳಿವೆ, ಇಂಥವನಿಗೆ ಬಂದದ್ದು ಮದ್ದಿನಿಂದಲೇ ಎಂದು ಹೇಗೆ ಹೇಳುವುದು? ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು ಹಾಗೆ ಹೇಳಲಾಗದು, ನಿಜ. ಸಾವಿರ ಜನರ ಲೆಕ್ಕವಿದ್ದರೆ ಹೇಳಬಹುದು. ಲೆಕ್ಕವನ್ನು ಇಡದಿರುವವರೇ ಲೆಕ್ಕವೆಲ್ಲಿ ಎಂದು ಕೇಳುವುದು ಯಾವ ನ್ಯಾಯ? ಫ್ರಾನ್ಸ್ ದೇಶ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಕೀಟನಾಶಕದೊಂದಿಗೆ ಹತ್ತು ವರ್ಷ ಕೆಲಸ ಮಾಡಿದ ಕೃಷಿಕನಿಗೆ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಬಂದರೆ ಅದು ವೃತ್ತಿಯಿಂದ ಬಂದ ರೋಗವೆಂದೇ ಭಾವಿಸಬೇಕೆಂದು 2015ರಲ್ಲಿ ಅಲ್ಲಿಯ ಕಾನೂನು ಹೇಳಿತು. ಲಿಂಡೇನ್ ಸೇರುವ ಆರ್ಗನೋಕ್ಲೋರಿನ್ ವರ್ಗವೂ ಆ ಪಟ್ಟಿಯಲ್ಲಿದೆ. ರೋಗಿಯು ತನ್ನ ಗಂಟಿನ ಮೂಲವನ್ನು ತಾನೇ ಸಾಬೀತುಪಡಿಸುತ್ತ ಸಾಯಬೇಕಾಗಿಲ್ಲ.

ನಾಲ್ಕನೆಯದು: ಮದ್ದಿಲ್ಲದೆ ಅರೇಬಿಕಾ ಉಳಿಯದು. ನೆರಳು ಕಡಿದ ತೋಟದಲ್ಲಿ ಉಳಿಯದು ಎಂಬುದು ದಿಟ. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ಹಣದಾಸೆಗೆ ಮರ ಕಡಿದು, ಹುಳುವಿಗೆ ಹಾದಿ ಮಾಡಿಕೊಟ್ಟು, ಆ ಮೇಲೆ ಕೂಲಿಯವನ ಕೈಗೆ ವಿಷ ಕೊಡುವುದು ಯಾವ ಕೃಷಿ? ಹದವಾದ ನೆರಳು, ದುಂಬಿ ಹಾರುವ ಮುನ್ನ ರೋಗದ ಗಿಡಗಳನ್ನು ಹುಡುಕಿ ಕಿತ್ತು ಸುಡುವುದು, ಕಾಂಡಕ್ಕೆ ಶೇಕಡಾ 10ರ ಸುಣ್ಣದ ನೀರು, ಮೋಹಕ ಬಲೆಗಳು: ಇವು ಯಾವುವೂ ಕನಸಿನ ಮಾತುಗಳಲ್ಲ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೇ ಹೇಳಿಕೊಡುವ ಕ್ರಮಗಳು. ಇವಕ್ಕೆ ಆಳು ಹೆಚ್ಚು ಬೇಕು, ಶ್ರಮ ಹೆಚ್ಚು. ಉಳಿತಾಯವಾದ ಆ ಕೂಲಿಯ ಹಣವೇ ಇನ್ನೊಂದು ದಿನ ಇನ್ನೊಬ್ಬನ ಮನೆಯಿಂದ ಆಸ್ಪತ್ರೆಯ ಬಿಲ್ಲಾಗಿ ಹೊರಟುಹೋಗುತ್ತದೆ.

ಪಟ್ಟಿಯೇ ಆಯುಧ

ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕಥೆ ಎಲ್ಲರಿಗೂ ಗೊತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳ ಕಥೆಯೂ ಅದರ ಮುಂದುವರಿಕೆಯೇ. ಆ ವಿಷ ಬೇರೆ, ಆ ರೋಗಗಳು ಬೇರೆ. ಕಲಿಯಬೇಕಾದ ಪಾಠ ಮಾತ್ರ ಒಂದೇ. ಅಲ್ಲಿ ಹೋರಾಟ ಆರಂಭವಾದದ್ದು ಹಳ್ಳಿಯ ವೈದ್ಯನೊಬ್ಬ ತನ್ನ ರೋಗಿಗಳ ಮನೆಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡದ್ದರಿಂದ. ಆ ಗುರುತುಗಳು ಪಟ್ಟಿಯಾದವು, ಪಟ್ಟಿ ಸಾಕ್ಷ್ಯವಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು; 2017ರಲ್ಲಿ ಕೇರಳದ ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಹೆಸರಿದ್ದವರಿಗೆ ಪರಿಹಾರ ಸಿಕ್ಕಿತು. ಹೆಸರಿಲ್ಲದವರಿಗೆ ಯಾವ ನ್ಯಾಯಾಲಯವೂ ಪರಿಹಾರ ಕೊಡಲಾರದು.

ಕಾಂಡಕ್ಕೆ ಲಿಂಡೇನ್ ಬಳಿದವರ ಪಟ್ಟಿ ಎಲ್ಲಿದೆ? ಸರ್ಕಾರದಲ್ಲಿಲ್ಲ, ಆಸ್ಪತ್ರೆಗಳಲ್ಲಿಲ್ಲ. ಆದರೆ ಅದರ ಚೂರುಗಳು ಇವೆ. ದೊಡ್ಡ ಎಸ್ಟೇಟುಗಳ ರೈಟರ ಕೋಣೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಚೆಕ್‌ರೋಲ್ ಪುಸ್ತಕಗಳಲ್ಲಿ ಯಾರು ಯಾವ ದಿನ ಯಾವ ಕೆಲಸಕ್ಕೆ ಹೋದರೆಂಬ ದಾಖಲೆ ಉಳಿದಿರಬಹುದು. ಆ ಪುಸ್ತಕಗಳನ್ನು ರದ್ದಿಗೆ ಹಾಕದಂತೆ ಕಾರ್ಮಿಕ ಇಲಾಖೆ ಇಂದೇ ಆದೇಶಿಸಬೇಕು. ಮದ್ದು ಹೊಡೆಯುವ ಪ್ರತಿ ತೋಟದಲ್ಲಿ, ಅದು ಎರಡೆಕರೆಯದ್ದಾದರೂ ಸರಿ, ಮದ್ದಿನ ಹೆಸರು, ದಿನಾಂಕ, ಹೊಡೆದವರ ಹೆಸರು ಬರೆದಿಡುವ ಪುಸ್ತಕ ಬರಬೇಕು. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದು ಹಂಗಾಮು ಮುಗಿದೊಡನೆ ಹೊರಟುಹೋಗುವ ಕೂಲಿಕಾರನ ಕೈಯಲ್ಲಿ ಆ ಪುಟದ ಪ್ರತಿ ಇರಬೇಕು. ಅವನ ಗಂಟು ಏಳುವುದು ಎಷ್ಟೋ ವರ್ಷಗಳ ಮೇಲೆ, ಎಷ್ಟೋ ದೂರದ ಊರಿನಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೋವಿಲ್ಲದ ಗಂಟಿಗೆ ಕ್ಷಯದ ಗುಳಿಗೆಗಿಂತ ಮೊದಲು ತುಣುಕಿನ ಪರೀಕ್ಷೆ ಆಗಬೇಕು. ಕೇಸ್ ಪೇಪರಿನಲ್ಲಿ ‘ಕೂಲಿ’ ಎಂದಷ್ಟೇ ಬರೆಯದೆ ಕೆಲಸದ ಪೂರ್ಣ ವಿವರ ಬರೆಯಬೇಕು.

ಇಲಾಖೆಗಳು ಏಳುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಮಲೆನಾಡಿನ ಕಾಲೇಜುಗಳಲ್ಲಿ ಓದುತ್ತಿರುವ ಎಷ್ಟೋ ವಿದ್ಯಾರ್ಥಿಗಳ ಅಜ್ಜ, ದೊಡ್ಡಪ್ಪ, ಮಾವಂದಿರು ಆ ಕಾಲದಲ್ಲಿ ಪಂಪು ಹೊತ್ತವರು. ಒಂದು ನೋಟ್‌ಪುಸ್ತಕ ಹಿಡಿದು ಲೈನ್ ಮನೆಗಳಿಗೆ, ಕೇರಿಗಳಿಗೆ, ಹಾಡಿಗಳಿಗೆ ಹೋಗಿ ಅವರ ಒಪ್ಪಿಗೆ ಪಡೆದು ಕೇಳಬಹುದು: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ತೋಟ, ಡಬ್ಬಿಯ ಬಣ್ಣವೇನು, ವಾಸನೆ ಹೇಗಿತ್ತು, ಜೊತೆಗಿದ್ದವರು ಯಾರು, ಅವರಲ್ಲಿ ಸತ್ತವರು ಯಾರು, ಯಾವ ಕಾಯಿಲೆಯಿಂದ? ಮದ್ದು ಕಲಸಿದವರ ನೆನಪು ಇನ್ನೂ ಹಸಿಯಾಗಿದೆ. ಇನ್ನು ಹತ್ತು ವರ್ಷ ಕಳೆದರೆ ಆ ನೆನಪನ್ನು ಹೇಳುವ ಬಾಯಿಗಳು ಇರುವುದಿಲ್ಲ, ಆಗ ವಿಷವೂ ಇರಲಿಲ್ಲ, ರೋಗವೂ ಇರಲಿಲ್ಲ ಎಂದು ಬರೆಯುವುದು ಬಹಳ ಸುಲಭವಾಗುತ್ತದೆ.